ಗಂಜಿಯ ಚೀಟಿ ಎತ್ತಿಸಿದ ವರ್ಷ

ಮೊನ್ನೆ ದೊಡ್ಡಬಳ್ಳಾಪುರಕ್ಕೆ, ತಂಗಿಯ ಮೊಮ್ಮಗಳ ಮನೆಗೆ ಹೋಗಿದ್ದೆ. ಕೂಸಿಗೆ ಆರು ತಿಂಗಳು ತುಂಬಿತು ಅಂತ ಅಡುಗೆಮನೆಯಲ್ಲಿ ಮೊಳಕೆ ಕಟ್ಟಿ ಒಣಗಿಸಿದ ರಾಗಿ ಹುರಿಯುತ್ತಿದ್ದರು. ಆ ವಾಸನೆ ನಡುಮನೆಗೆ ಬಂದದ್ದೇ ತಡ, ನನಗೆ ಕೂತಲ್ಲಿ ಕೂರೋಕಾಗಲಿಲ್ಲ, ಎದ್ದು ಜಗಲಿಗೆ ಬಂದುಬಿಟ್ಟೆ. ಹುಡುಗಿ ಹಿಂದೆಯೇ ಬಂದು ಹೊಗೆ ಆಯ್ತಾ ತಾತ ಅಂತ ಕೇಳಿದಳು. ಹೂಂ ಅಂದೆ. ಎಂಬತ್ತು ದಾಟಿದವನ ಕಣ್ಣಲ್ಲಿ ನೀರು ಬಂದರೆ ಹೊಗೆ ಅಂತ ಹೇಳಿಬಿಡೋದು ಎಲ್ಲರಿಗೂ ಸುಲಭ.

ಯುದ್ಧ ಮುಗಿದ ಮರುವರ್ಷದ ಮಾತು. ನನಗೆ ಇಪ್ಪತ್ತಾರು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ಆ ವಿಷಯವೇ ಆಗ ಹೊಸದು. ಅದನ್ನು ಓದಿದರೆ ಏನಾಗ್ತಾರೆ ಅಂತ ಹುಡುಗರ ಅಪ್ಪಂದಿರು ನನ್ನನ್ನೇ ಕೇಳುತ್ತಿದ್ದರು, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಸ್ವಭಾವ ಮಾತ್ರ ನನ್ನದಲ್ಲ. ಮೂಗಿನ ತುದಿಯಲ್ಲಿ ಕೋಪ, ಮಾತೆತ್ತಿದರೆ ಪುಸ್ತಕ. ಪ್ರಯೋಗ ಹೂಡುವುದು ಹೇಗೆ ಅನ್ನುವ ಪಾಠಕ್ಕೆ ಬಂದಾಗ ಒಂದು ದಿನ ಹುಡುಗನೊಬ್ಬ, ಸಾರ್, ಈ ದಾಳ, ಈ ಇಸ್ಪೀಟು ಬಿಟ್ಟು ನಿಜವಾದ್ದೊಂದು ತೋರಿಸಿ ಅಂದ. ತೋರಿಸ್ತೀನಿ ತಾಳು ಅಂದೆ. ಅಲ್ಲಿಂದ ಶುರು.

ತೂಬಗೆರೆಯಿಂದ ಒಂದು ಮೈಲಿ ಆಚೆಗೆ ಒಂದು ಊರು. ಹೆಸರು ಹೇಳೋದಿಲ್ಲ. ಇಂಥ ಕೆಲಸದಲ್ಲಿ ಊರಿನ ಹೆಸರು, ಜನರ ಹೆಸರು ಬಾಯಿಬಿಡಬಾರದು ಅನ್ನೋದು ಆ ವರ್ಷವೇ ಕಲಿತ ಬುದ್ಧಿ. ಮುಂದೆ ಬರುವ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಆ ಊರಿನ ಶಾಲೆಯ ಮೇಷ್ಟ್ರು ನಂಜುಂಡಯ್ಯ ನಮ್ಮ ಪ್ರೊಫೆಸರರಿಗೆ ದೂರದ ನೆಂಟರು. ಆಷಾಢ ಕಳೆದ ಮೇಲೆ ಹಳೇ ರಾಗಿ ನೆಲದೊಳಗಿನ ಹಗೇವಿನ ತಳಕ್ಕೆ ಹೋಗಿರುತ್ತೆ, ಹೊಸ ರಾಗಿ ಇನ್ನೂ ಹೊಲದಲ್ಲಿರುತ್ತೆ, ಆ ಮೂರು ನಾಲ್ಕು ತಿಂಗಳು ಮಕ್ಕಳು ಒಣಗಿಹೋಗ್ತವೆ ಅಂತ ಅವರು ಯಾವಾಗಲೋ ಹೇಳಿದ್ದರು. ನನ್ನ ತಲೆಯಲ್ಲಿ ಪ್ರಯೋಗ ತಾನೇ ತಾನಾಗಿ ಹೂಡಿಕೊಂಡಿತು. ಶಾಲೆಯ ಮಕ್ಕಳಲ್ಲಿ ಅರ್ಧ ಜನಕ್ಕೆ ದಿನಾ ಒಂದೊಂದು ಲೋಟ ಮೊಳಕೆ ರಾಗಿಯ ಗಂಜಿ, ಹಾಲು ಬೆಲ್ಲ ಹಾಕಿ. ಇನ್ನರ್ಧ ಜನಕ್ಕೆ ಇಲ್ಲ. ವಾರಕ್ಕೊಮ್ಮೆ ಎಲ್ಲರ ತೂಕ. ಕೊನೆಗೆ ಎರಡೂ ಗುಂಪನ್ನು ಹೋಲಿಸಿದರೆ ಗಂಜಿಯ ಗುಣ ಗೊತ್ತಾಗುತ್ತೆ. ಯಾರಿಗೆ ಉಂಟು, ಯಾರಿಗೆ ಇಲ್ಲ ಅನ್ನೋದನ್ನು ಚೀಟಿ ತೀರ್ಮಾನಿಸಬೇಕು, ಮನುಷ್ಯ ತೀರ್ಮಾನಿಸಬಾರದು. ಮನುಷ್ಯ ಆದರೆ ಬಡಕಲು ಮಗುವನ್ನು ನೋಡಿ ಕರಗಿಬಿಡ್ತಾನೆ, ಬಡಕಲು ಮಕ್ಕಳೆಲ್ಲ ಒಂದೇ ಕಡೆ ಸೇರಿಕೊಂಡರೆ ಹೋಲಿಕೆ ಕೆಟ್ಟುಹೋಗುತ್ತೆ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ನನ್ನ ಮೇಲೇ ಅಭಿಮಾನ ಉಕ್ಕಿ ಬರುತ್ತಿತ್ತು.

ಜೊತೆಗೆ ಇಬ್ಬರು ವಿದ್ಯಾರ್ಥಿಗಳನ್ನು ಆರಿಸಿಕೊಂಡೆ. ಸಂಪತ್ತು ಬೆಂಗಳೂರಿನವನು, ವಕೀಲರ ಮಗ, ಬಾಯಿಗೆ ಬೀಗ ಇಲ್ಲ. ಹನುಮಂತರಾಯ ನೆಲಮಂಗಲದ ಕಡೆಯ ರೈತರ ಮನೆಯವನು, ನಾನು ಹತ್ತು ಮಾತಾಡಿದರೆ ಅವನದು ಒಂದು. ಶನಿವಾರ ಬೆಳಗಿನ ರೈಲಿಗೆ ದೊಡ್ಡಬಳ್ಳಾಪುರ, ಅಲ್ಲಿಂದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ತೂಬಗೆರೆ. ಏರು ಬಂದಲ್ಲಿ ಬಸ್ಸು ನಿಂತುಬಿಡೋದು, ಇಳಿದು ನೂಕಬೇಕು. ಸಂಪತ್ತು ನೂಕುತ್ತಾ, ಸಾರ್, ಇದಕ್ಕೂ ಮಾರ್ಕ್ಸ್ ಉಂಟಾ ಅಂತ ಕೇಳೋನು.

ಚೀಟಿ ಎತ್ತಿಸಿದ ದಿನ ಜಿಟಿಜಿಟಿ ಮಳೆ. ನಂಜುಂಡಯ್ಯನವರ ಟೊಪ್ಪಿಗೆಯಲ್ಲಿ ಚೀಟಿ ಹಾಕಿ, ಮಕ್ಕಳು ತಾವೇ ಒಂದೊಂದು ಎತ್ತಿಕೊಳ್ಳಲಿ, ಆಗ ಯಾರೂ ನಮ್ಮನ್ನು ದೂರೋ ಹಾಗಿಲ್ಲ ಅಂತ ನಾನೇ ಏರ್ಪಾಡು ಮಾಡಿದ್ದೆ. ಊರ ಪಟೇಲರನ್ನು ಕೇಳಿದ್ದೆ, ಮೇಷ್ಟ್ರನ್ನು ಕೇಳಿದ್ದೆ, ಇಬ್ಬರೂ ಆಗಲಿ ಅಂದಿದ್ದರು. ಅಷ್ಟು ಸಾಕು ಅಂದುಕೊಂಡಿದ್ದೆ. ಎಲ್ಲರಿಗಿಂತ ಕೊನೆಗೆ ಒಂದು ಹೆಣ್ಣುಮಗು ಬಂತು. ಪಿಳ್ಳಮ್ಮ. ಆರು ವರ್ಷವೋ ಏಳೋ. ಕಾಲು ಎರಡು ಕಡ್ಡಿ, ಕಣ್ಣು ಮಾತ್ರ ಇಷ್ಟಗಲ. ಅಪ್ಪ ಇಲ್ಲ, ಅಮ್ಮ ಅಕ್ಕಯಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆದು ಸಾಕುತ್ತಿದ್ದಾಳೆ ಅಂತ ಮೇಷ್ಟ್ರು ಪಿಸುಗುಟ್ಟಿದರು. ಮಗು ಚೀಟಿ ಎತ್ತಿ, ಓದೋಕೆ ಬಾರದೆ ನನ್ನ ಕೈಗೇ ಕೊಟ್ಟಿತು. ಇಲ್ಲ ಅಂತ ಬಂದಿತ್ತು. ನಿನಗಿಲ್ಲ ಮಗು ಅಂದೆ. ಸರಿ ಅಂತ ತಲೆ ಆಡಿಸಿ ಹೋಗಿ ಕೂತುಕೊಂಡಿತು. ಅತ್ತಿದ್ದರೆ ನನಗೆ ಕೋಪ ಬರೋದು, ಅದು ವಾಸಿಯಾಗಿರೋದು.

ಮೊದಲ ತಿಂಗಳು ಎಲ್ಲ ಪುಸ್ತಕದಲ್ಲಿದ್ದ ಹಾಗೇ ನಡೆಯಿತು. ಶಾಲೆಯ ಮುಂದಿನ ಹುಣಸೆ ಮರದ ಕೊಂಬೆಗೆ ದೊಡ್ಡ ತಕ್ಕಡಿ ಕಟ್ಟಿ, ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ತೂಕದ ಬೊಟ್ಟು. ಮಕ್ಕಳಿಗೆ ಅದು ಉಯ್ಯಾಲೆ. ಸಂಪತ್ತು ಬೊಟ್ಟು ಇಡೋನು, ಹನುಮಂತರಾಯ ಬರೆದುಕೊಳ್ಳೋನು. ಗಂಜಿ ಕುಡಿದವರು ಸ್ವಲ್ಪ ಸ್ವಲ್ಪ ಏರುತ್ತಿದ್ದರು, ಕುಡಿಯದವರು ನಿಂತಲ್ಲೇ ನಿಂತಿದ್ದರು. ಪಿಳ್ಳಮ್ಮ ಮಾತ್ರ ಇಳಿಯುತ್ತಿದ್ದಳು. ಪ್ರತಿ ಶನಿವಾರ ಅವಳ ತಟ್ಟೆಯ ಎದುರಿಂದ ಒಂದು ಸಣ್ಣ ಬೊಟ್ಟು ತೆಗೆಯಬೇಕಾಗಿತ್ತು. ಮೂರನೇ ಸಲ ತೆಗೆಯುವಾಗ ಸಂಪತ್ತು ಬೊಟ್ಟನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಸಾರ್, ಇವಳೊಬ್ಬಳಿಗೆ ಕೊಟ್ಟುಬಿಡೋಣ, ಒಬ್ಬಳಿಂದ ಏನಾಗಿಬಿಡುತ್ತೆ ಅಂದ. ನಾನು ಅಲ್ಲೇ, ಮಕ್ಕಳ ಎದುರಿಗೇ ಅವನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಇವತ್ತು ಇವಳೊಬ್ಬಳು, ನಾಳೆ ಇನ್ನೊಬ್ಬಳು, ನಿನ್ನ ಕರುಳು ಚುರುಕ್ ಅಂದವರಿಗೆಲ್ಲ ಕೊಡ್ತಾ ಹೋದರೆ ಗಂಜಿ ಒಳ್ಳೇದೋ ಅಲ್ಲವೋ ಅನ್ನೋದು ಯಾವತ್ತಿಗೂ ತಿಳಿಯಲ್ಲ, ತಿಳಿಯದೆ ಹೋದರೆ ನಾಳೆ ಸಾವಿರ ಪಿಳ್ಳಮ್ಮಂದಿರಿಗೆ ನಷ್ಟ. ಮಾತೇನೋ ಸುಳ್ಳಲ್ಲ. ಈಗಲೂ ಅದು ಸುಳ್ಳು ಅಂತ ನಾನು ಹೇಳಲಾರೆ. ಆದರೆ ಹೇಳುವಾಗ ನಾನು ಆ ಮಗುವಿನ ಮುಖ ನೋಡಲಿಲ್ಲ.

ರಾತ್ರಿ ಮೇಷ್ಟ್ರ ಮನೆಯಲ್ಲಿ ಊಟಕ್ಕೆ ಕೂತರೆ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದೆ. ಪ್ರಯೋಗ ಮುಗಿದ ಮೇಲೆ ಅವಳಿಗೆ ದಿನಾ ಎರಡು ಲೋಟ ಕೊಡಿಸ್ತೀನಿ ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತಿದ್ದೆ. ಅಲ್ಲಿಯತನಕ ಅವಳು ತಡ್ಕೊಬೇಕು, ಅಷ್ಟೇ.

ಭಾದ್ರಪದದಲ್ಲಿ ಲೆಕ್ಕ ತಪ್ಪಿತು. ಕುಡಿದವರ ಏರಿಕೆ ನಿಂತುಹೋಯಿತು, ಕುಡಿಯದವರು ಏರತೊಡಗಿದರು. ಎರಡು ವಾರಕ್ಕೆ ಎರಡೂ ಗುಂಪು ಹತ್ತಿರ ಹತ್ತಿರ ಬಂದುಬಿಟ್ಟವು. ಪಿಳ್ಳಮ್ಮನ ಎದುರಿಗೆ ತೆಗೆದಿದ್ದ ಬೊಟ್ಟನ್ನು ಮತ್ತೆ ಇಡಬೇಕಾಯಿತು. ಸಂತೋಷ ಆಗಬೇಕಲ್ಲವೇ? ನನಗೆ ಮೈಯೆಲ್ಲ ಉರಿಯಿತು. ಬರೆದುಕೊಳ್ಳುವವನು ಹನುಮಂತರಾಯ. ಹಳ್ಳಿಯವನು, ಮರುಕ ಬಂದು ಸಂಖ್ಯೆ ತಿದ್ದುತ್ತಿದ್ದಾನೆ ಅಂತ ತೀರ್ಮಾನಕ್ಕೆ ಬಂದುಬಿಟ್ಟೆ. ಸೋಮವಾರ ತುಂಬಿದ ಕ್ಲಾಸಿನಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ಕಳ್ಳ ಅಂಕಿ ಬರೆಯುವವನು ಈ ಶಾಸ್ತ್ರಕ್ಕೆ ಲಾಯಕ್ಕಿಲ್ಲ, ನಿನ್ನ ಪ್ರಾಕ್ಟಿಕಲ್ ರೆಕಾರ್ಡಿಗೆ ನಾನು ಸಹಿ ಹಾಕಲ್ಲ ಅಂದೆ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರೋ ಹಾಗಿಲ್ಲ. ಅವನು ತಿದ್ದಿಲ್ಲ ಸಾರ್ ಅಂತ ಒಂದೇ ಮಾತು ಹೇಳಿ ತಲೆ ತಗ್ಗಿಸಿದ. ಅದೇನು ಅಹಂಕಾರ ಅಂತೀರಿ ನನ್ನದು, ಆ ತಗ್ಗಿದ ತಲೆಯೇ ಸಾಕ್ಷಿ ಅಂದುಕೊಂಡೆ.

ಆ ಬುಧವಾರ ರಜೆ ಹಾಕಿ, ಯಾರಿಗೂ ಹೇಳದೆ ಒಬ್ಬನೇ ಹೊರಟೆ. ಕಳ್ಳನನ್ನು ಹಿಡಿಯೋ ಪೊಲೀಸಿನವನ ಹಾಗೆ ಶಾಲೆಯ ಹಿಂದುಗಡೆಯಿಂದ ಬಂದೆ. ಗಂಜಿಯ ಹೊತ್ತು. ಶನಿವಾರ ಅರ್ಧ ದಿನ ಶಾಲೆ, ನಾವು ಬರೋದರೊಳಗೆ ಗಂಜಿ ಮುಗಿದಿರೋದು. ಗಂಜಿ ಉಂಟು ಅಂತ ಚೀಟಿ ಬಂದಿದ್ದ ಮಕ್ಕಳು ಲೋಟ ಹಿಡಿದು ಹೊಂಗೆ ಮರದ ಕೆಳಗೆ ಹೋಗುತ್ತಿದ್ದವು. ಮೇಷ್ಟ್ರು ಜಗಲಿಯಲ್ಲಿ ಕೂತು ಹಾಜರಿ ಪುಸ್ತಕ ನೋಡುತ್ತಿದ್ದರು, ಅಂದರೆ ಮಕ್ಕಳ ಕಡೆ ನೋಡುತ್ತಿರಲಿಲ್ಲ. ಇಲ್ಲ ಅಂತ ಚೀಟಿ ಬಂದಿದ್ದ ಮಕ್ಕಳು ಮರದ ಕೆಳಗೆ ಕಾಯುತ್ತಿದ್ದವು. ಒಂದೊಂದು ಮಗುವೂ ಲೋಟ ಎತ್ತಿ, ತುಟಿಗೆ ತಾಗಿಸದೆ, ಮೇಲಿಂದ ಗಟಗಟ ಅರ್ಧ ಕುಡಿದು, ಮಿಕ್ಕಿದ್ದನ್ನು ತನ್ನ ಜೋಡಿಗೆ ಕೊಡುತ್ತಿತ್ತು. ಜೋಡಿಯೂ ಹಾಗೇ ಎತ್ತಿ ಕುಡಿಯುತ್ತಿತ್ತು. ಜಗಳ ಇಲ್ಲ, ಗದ್ದಲ ಇಲ್ಲ, ಯಾರಿಗೆ ಯಾರು ಜೋಡಿ ಅನ್ನೋದು ಆಗಲೇ ತೀರ್ಮಾನವಾಗಿತ್ತು. ಪಿಳ್ಳಮ್ಮನ ಜೋಡಿ ಪಟೇಲರ ಮನೆಯ ಹುಡುಗಿ. ಅವಳು ಅರ್ಧಕ್ಕಿಂತ ಹೆಚ್ಚೇ ಉಳಿಸಿದಳು ಅಂತ ನನಗನ್ನಿಸಿತು.

ಅಯ್ಯೋ ನನ್ನ ಬುದ್ಧಿಯೇ! ಪ್ರಯೋಗ ಹೂಡುವಾಗ ಪ್ರೊಫೆಸರರು ಇದನ್ನೇ ಕೇಳಿದ್ದರು, ಮಕ್ಕಳು ಹಂಚಿಕೊಂಡರೆ ಏನ್ಮಾಡ್ತೀಯ ಅಂತ. ಒಬ್ಬರ ಎಂಜಲನ್ನು ಇನ್ನೊಬ್ಬರು ಮುಟ್ಟೋ ಊರಲ್ಲ ಸಾರ್ ಅದು, ಆ ಭಯ ಬೇಡ ಅಂತ ಜಂಬದಿಂದ ಹೇಳಿದ್ದೆ. ಎಂಜಲಿನ ಮೇಲೆ ನನಗೆ ಅಷ್ಟು ನಂಬಿಕೆ. ಎತ್ತಿ ಕುಡಿದರೆ ಎಂಜಲೇ ಆಗೋದಿಲ್ಲ ಅನ್ನೋದು, ಹುಟ್ಟಿದಾಗಿನಿಂದ ಎತ್ತಿಯೇ ಕುಡಿದು ಬೆಳೆದ ನನಗೆ, ನನ್ನಮ್ಮ ಕುಡಿದಿಟ್ಟ ಚೊಂಬಿನಿಂದಲೇ ನೀರು ಕುಡಿದು ಸ್ಕೂಲಿಗೆ ಓಡುತ್ತಿದ್ದ ನನಗೆ, ಹೊಳೆಯಲೇ ಇಲ್ಲ.

ಆಗಲೇ ನಾನು ಮನುಷ್ಯನಾಗಬಹುದಿತ್ತು. ಆಗಲಿಲ್ಲ. ಮರದ ಕೆಳಗೆ ಹೋಗಿ ನಿಂತೆ. ಮಕ್ಕಳು ಬೆಚ್ಚಿದವು. ಇನ್ನು ಮೇಲೆ ಗಂಜಿ ಜಗಲಿಯಲ್ಲೇ ಕುಡಿಯಬೇಕು, ಪೂರ್ತಿ ಕುಡಿದು ಲೋಟ ಕವುಚಿ ತೋರಿಸಬೇಕು, ಮಿಕ್ಕವರು ಗಂಜಿಯ ಹೊತ್ತಿಗೆ ಮನೆಗೆ ಹೋಗಬೇಕು ಅಂತ ಕಟ್ಟಪ್ಪಣೆ ಮಾಡಿದೆ. ನಂಜುಂಡಯ್ಯನವರು ಆಗಲಿ ಅಂದರು, ಅವರ ಕಣ್ಣು ನೆಲ ನೋಡುತ್ತಿತ್ತು. ಮಾರನೇ ದಿನವೂ ಅಲ್ಲೇ ಉಳಿದು ನನ್ನೆದುರಿಗೇ ಕುಡಿಸಿದೆ. ಒಂದು ಮಗುವೂ ನನ್ನ ಮುಖ ನೋಡಲಿಲ್ಲ. ಪಟೇಲರ ಹುಡುಗಿ ಕುಡಿದು ಲೋಟ ಕವುಚಿ, ಓಡಿಹೋಗಿ ಗೋಡೆಯ ಹಿಂದೆ ವಾಂತಿ ಮಾಡಿಕೊಂಡಳು. ಪಿಳ್ಳಮ್ಮ ಬೇಲಿಯ ಆಚೆ ನಿಂತು ಎಲ್ಲ ನೋಡಿ, ಲಂಗದ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಮನೆ ಕಡೆ ಹೊರಟಳು.

ಮುಂದಿನ ಎರಡು ಶನಿವಾರ ಪಿಳ್ಳಮ್ಮ ತೂಕಕ್ಕೆ ಬರಲಿಲ್ಲ. ಜ್ವರವಂತೆ. ಎರಡನೇ ಶನಿವಾರ ಹನುಮಂತರಾಯ ತಾನಾಗಿ ಬಾಯಿ ಬಿಟ್ಟ. ನಾನು ಅವನನ್ನು ಕಳ್ಳ ಅಂದ ಮೇಲೂ ಅವನು ಒಂದು ವಾರವೂ ತಪ್ಪಿಸದೆ ಬರುತ್ತಿದ್ದ, ನಾನಿನ್ನೂ ಅವನಿಗೆ ತಪ್ಪಾಯ್ತು ಅಂದಿರಲಿಲ್ಲ. ಹಿಂದೊಮ್ಮೆ ರಿಜಿಸ್ಟರ್ ನಕಲು ಮಾಡೋಕೆ ಸೋಮವಾರದತನಕ ಉಳಿದಿದ್ದಾಗಲೇ ಮಕ್ಕಳು ಹಂಚಿಕೊಳ್ಳೋದನ್ನು ಅವನು ನೋಡಿದ್ದನಂತೆ. ಮತ್ತೆ ಯಾಕೋ ಹೇಳಲಿಲ್ಲ, ಕಳ್ಳ ಅನ್ನಿಸಿಕೊಂಡು ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ.

“ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ ಸಾರ್” ಅಂದ. “ನಿಲ್ಲಿಸಿದ್ರಲ್ಲ.”

ಅವತ್ತು ಸಂಜೆ ಒಬ್ಬನೇ ಅಕ್ಕಯಮ್ಮನ ಮನೆ ಹುಡುಕಿಕೊಂಡು ಹೋದೆ. ಊರಾಚೆ ಒಂದು ಅಂಕಣದ ಮನೆ. ಮಗು ಕಂಬಳಿ ಹೊದ್ದು ಮಲಗಿತ್ತು, ಜ್ವರ ಇಳಿದಿತ್ತು, ನನ್ನನ್ನು ನೋಡಿ ಕಂಬಳಿಯನ್ನು ಮೂಗಿನತನಕ ಎಳೆದುಕೊಂಡಿತು. ಜ್ವರ ಮಳೆಯಲ್ಲಿ ನೆಂದದ್ದಕ್ಕೋ, ಗಂಜಿ ನಿಂತದ್ದಕ್ಕೋ, ಬರೋದಿತ್ತು ಬಂತೋ. ಒಂದು ಮಗುವನ್ನು ನೋಡಿ ಇದೇ ಕಾರಣ ಅನ್ನೋಕಾಗಲ್ಲ ಅಂತ ನನ್ನ ಶಾಸ್ತ್ರ ಹೇಳುತ್ತೆ. ನನ್ನ ಕರುಳು ಬೇರೆಯೇ ಹೇಳುತ್ತಿತ್ತು. ಅಕ್ಕಯಮ್ಮ ಚಾಪೆ ಹಾಸಿದಳು. ಮೂವತ್ತು ಕೂಡ ಆಗಿರದ ಹೆಂಗಸು, ಕೈಯೆಲ್ಲ ಮಣ್ಣು. ನಾನು ಕೂತು, ನನ್ನ ಬುದ್ಧಿ ಬಿಡದೆ, ಪ್ರಯೋಗ ಅಂದರೇನು, ಚೀಟಿ ಯಾಕೆ, ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅರ್ಥವಾಯಿತು ಅಂತಲೂ ಅಂದಳು. ಬಿತ್ತನೆಗೆ ಮುಂಚೆ ನಾವೂ ಬೀಜವನ್ನ ಎರಡು ತರದ ಮಣ್ಣಲ್ಲಿ ಹಾಕಿ ನೋಡ್ತೀವಿ, ಇದೂ ಅಂಥದ್ದೇ ಅಂದಳು. ನನಗೆ ಎದೆ ಹಗುರಾಯಿತು. ಆಮೇಲೆ ಕೇಳಿದಳು.

“ಚೀಟಿ ಎತ್ತಿದ್ದು ನನ್ನ ಕೂಸು ಸ್ವಾಮಿ. ಎತ್ತಿಸ್ಲಾ ಅಂತ ನನ್ನ ಕೇಳ್ದೋರು ಯಾರು?”

ಪಟೇಲರನ್ನು ಕೇಳಿದ್ದೆ ಅನ್ನೋಕೆ ಹೋಗಿ ಬಿಟ್ಟೆ. ಕೊನೆಗೆ, ಕೇಳಿದ್ದರೆ ಬೇಡ ಅಂತಿದ್ಯಾ ತಾಯಿ ಅಂದೆ.

“ಅಂತಿದ್ನೋ, ಬಿಡ್ತಿದ್ನೋ. ಕೇಳ್ಬೇಕಿತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಸಿಟ್ಟಾಗಿ ಬಚಾವಾಗುತ್ತಿದ್ದೆ. ತಪ್ಪಾಯ್ತು ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು ಅಂತ ಕಾಣುತ್ತೆ, ಹೇಗೆ ಅನ್ನಬೇಕು ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಂದ ಎದ್ದು ನೇರ ಮೇಷ್ಟ್ರ ಮನೆಗೆ ಬಂದು, ಸೋಮವಾರದಿಂದ ಅಷ್ಟೂ ಮಕ್ಕಳಿಗೆ ತುಂಬಿದ ಲೋಟ ಗಂಜಿ ಅಂದೆ. ಮೇಷ್ಟ್ರ ಹೆಂಡತಿ ಒಳಗಿಂದಲೇ, ಸದ್ಯ ದೊಡ್ಡ ಪಾತ್ರೆ ಹೊರಗೆ ತೆಗೀರಿ ಅಂದರು. ಅವರೆಷ್ಟು ದಿನದಿಂದ ಆ ಮಾತಿಗೆ ಕಾದಿದ್ದರೋ.

ಸೋಮವಾರ ಕ್ಲಾಸಿನಲ್ಲಿ ಹನುಮಂತರಾಯನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದೆ. ತುಂಬಿದ ಕ್ಲಾಸಿನಲ್ಲಿ ಬೈದಿದ್ದೆ, ತುಂಬಿದ ಕ್ಲಾಸಿನಲ್ಲೇ ಕ್ಷಮೆ ಕೇಳಿದೆ. ಪಾಪ, ಅವನಿಗೆ ಬೈಸಿಕೊಂಡಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆಮೇಲೆ ಮೂರು ವಾರ ಬೇರೆ ಪಾಠವಿಲ್ಲ. ನಾವು ಎಲ್ಲೆಲ್ಲಿ ತಪ್ಪಿದೆವು ಅನ್ನೋದೇ ಪಾಠ. ಹುಡುಗರಿಗೆ ಸಿಕ್ಕಿದ್ದೇ ಛಾನ್ಸು ಅಂತ ನನ್ನನ್ನು ಚೆನ್ನಾಗಿ ಹಿಂಜಿದರು. ಸಂಪತ್ತು ಬೋರ್ಡಿನ ಹತ್ತಿರ ಬಂದು, ಮಗುವಿನ ತೂಕ ಇಷ್ಟಕ್ಕಿಂತ ಇಳಿದರೆ ಪ್ರಯೋಗ ನಿಲ್ಲಿಸಬೇಕು ಅಂತ ಗೆರೆಯನ್ನು ಮೊದಲೇ ಎಳೆದಿಡಬೇಕಿತ್ತು ಅಂತ ಚಾಕ್‌ಪೀಸಿನಲ್ಲಿ ಎಳೆದೇ ತೋರಿಸಿದ. ಇನ್ನೊಬ್ಬ, ಈ ವರ್ಷ ಗಂಜಿ ಇಲ್ಲದವರಿಗೆ ಮುಂದಿನ ವರ್ಷ ಮೊದಲು ಅಂತ ಸರದಿ ಇಡಬಹುದಿತ್ತು ಅಂದ. ಹೌದಲ್ಲೋ ಅಂದೆ. ಹನುಮಂತರಾಯ ಮಾತ್ರ, ಕೇಳಿದ ಮೇಲೆ ಬೇಡ ಅನ್ನೋಕೂ ಬಿಡಬೇಕು ಸಾರ್, ಇಲ್ಲಾಂದ್ರೆ ಅದು ಕೇಳಿದ ಹಾಗಲ್ಲ ಅಂದ. ಅದನ್ನು ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ರೆಕಾರ್ಡಿನಲ್ಲಿ ನಡೆದದ್ದು ನಡೆದ ಹಾಗೇ ಬರೆಯಿರಿ, ಮಕ್ಕಳು ಹಂಚಿಕೊಂಡದ್ದನ್ನೂ ನಾನು ಬೈದದ್ದನ್ನೂ ಬರೆಯಿರಿ ಅಂದೆ. ಪ್ರೊಫೆಸರರು ಅದನ್ನು ಓದಿ, ಫಲಿತಾಂಶ ಏನೂ ಇಲ್ಲವಲ್ಲಯ್ಯ ಅಂತ ಗೊಣಗಿ ಸಹಿ ಹಾಕಿದರು.

ಕಾರ್ತಿಕ ಬಂತು. ಹೊಲದಲ್ಲಿ ರಾಗಿ ತೆನೆ ಕಂದು ತಿರುಗಿ, ಬೆಳಗಿನ ಹೊತ್ತು ಮಂಜು ಕೂತಿರೋದು. ಕೊನೆಯ ತೂಕ ಒಂದು ಬಾಕಿ ಇತ್ತು. ಅದರಿಂದ ಇನ್ನೇನೂ ಸಾಧಿಸೋಕಿರಲಿಲ್ಲ, ಆದರೂ ಎಲ್ಲರೂ ಗಂಜಿ ಕುಡಿದ ಮೇಲೆ ಎಷ್ಟಾದರು ಅಂತ ತಿಳಿಯೋ ಆಸೆ. ಈ ಸಲ ಮನೆಮನೆಗೂ ಹೋದೆವು. ಏನು ಮಾಡ್ತೀವಿ, ಯಾಕೆ ಮಾಡ್ತೀವಿ, ಇಷ್ಟವಿಲ್ಲದಿದ್ದರೆ ಬೇಡ ಅನ್ನಿ, ಬೇಡ ಅಂದರೂ ಗಂಜಿ ನಿಲ್ಲಲ್ಲ ಅಂತ ಒಬ್ಬೊಬ್ಬರಿಗೂ ಹೇಳಿದೆವು. ಎಲ್ಲ ತಾಯಂದಿರೂ ನಕ್ಕು ಹೂಂ ಅಂದರು. ಅದಕ್ಕೇನು ಕೇಳ್ತೀರಿ, ಕರ್ಕೊಂಡು ಹೋಗಿ ಅಂತ ಬೈದವರೂ ಇದ್ದರು.

ಕೊನೆಗೆ ನಾನೂ ಹನುಮಂತರಾಯನೂ ಅಕ್ಕಯಮ್ಮನ ಮನೆಗೆ ಬಂದೆವು. ಬಾಗಿಲಲ್ಲಿ ಕುಡುಗೋಲು ಮಸೆಯುತ್ತಾ ಕೂತಿದ್ದಳು, ಮಾರನೇ ದಿನದಿಂದ ಕೊಯ್ಲು. ನನಗೆ ಆ ಇಡೀ ಊರಿನಲ್ಲಿ ಬೇಕಾಗಿದ್ದದ್ದು ಆ ಒಂದೇ ತೂಕ. ಮಿಕ್ಕವರದ್ದೆಲ್ಲ ಇರಲಿ ಬಿಡಲಿ, ಪಿಳ್ಳಮ್ಮ ಏರಿದಳಾ, ಅವಳಿಂದ ನಾನು ಕಿತ್ತುಕೊಂಡದ್ದು ವಾಪಸು ಬಂತಾ ಅನ್ನೋದು ನನಗೆ ಗೊತ್ತಾಗಬೇಕಿತ್ತು. ಎಲ್ಲರಿಗೂ ಹೇಳಿದ ಹಾಗೇ ಅವಳಿಗೂ ಹೇಳಿದೆ. ತೂಕ ಮಾಡಲಾ ತಾಯಿ ಅಂತ ಕೇಳಿದೆ.

ಅವಳು ಕುಡುಗೋಲು ಪಕ್ಕಕ್ಕಿಟ್ಟಳು.

“ಬೇಡ ಸ್ವಾಮಿ” ಅಂದಳು.

ಹನುಮಂತರಾಯ ನನ್ನ ಮುಖ ನೋಡಿದ. ನಾನು ಆಯ್ತಮ್ಮ ಅಂದೆ. ಯಾಕೆ ಅಂತ ಕೇಳಲಿಲ್ಲ, ಕೇಳಬೇಕು ಅಂತ ನಾಲಗೆ ತುರಿಸುತ್ತಿತ್ತು. ಹನುಮಂತರಾಯ ರಿಜಿಸ್ಟರಿನಲ್ಲಿ ಪಿಳ್ಳಮ್ಮನ ಹೆಸರಿನ ಎದುರಿಗಿದ್ದ ಕೊನೆಯ ಚೌಕವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದ. ಇಬ್ಬರೂ ಹೊರಡೋಕೆ ತಿರುಗಿದೆವು.

“ತಕ್ಕಡಿ ಬೇಡ ಅಂದೆ ಅಷ್ಟೇ” ಅಂದಳು ಅಕ್ಕಯಮ್ಮ ಹಿಂದಿನಿಂದ. “ಬೇಕಾದ್ರೆ ಎತ್ಕೊಂಡು ನೋಡಿ.”

ಪಿಳ್ಳಮ್ಮ ಅಮ್ಮನ ಸೆರಗಿನ ಹಿಂದಿನಿಂದ ಬಂದು ಎದುರಿಗೆ ನಿಂತಳು. ಅಷ್ಟು ತಿಂಗಳು ಪ್ರತಿ ವಾರ ತೂಗಿದ್ದೆ, ಒಂದು ದಿನವೂ ಆ ಮಕ್ಕಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಬಗ್ಗಿ, ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿದೆ. ಮದುವೆಯಾಗದವನು, ಮಕ್ಕಳನ್ನು ಎತ್ತಿ ಅಭ್ಯಾಸವಿಲ್ಲ, ಸರಿಯಾಗಿ ಹಿಡಿದುಕೊಳ್ಳೋಕೂ ಬರಲಿಲ್ಲ. ಅವಳೇ ನನ್ನ ಕುತ್ತಿಗೆ ಹಿಡಿದುಕೊಂಡು ಸೊಂಟದ ಮೇಲೆ ಸರಿಯಾಗಿ ಕೂತುಕೊಂಡಳು. ಅಕ್ಕಯಮ್ಮ ಮತ್ತೆ ಕುಡುಗೋಲು ಕೈಗೆ ತೆಗೆದುಕೊಂಡು ಮಸೆಯತೊಡಗಿದಳು. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಕೈ ಸೋತು ನೋಯತೊಡಗಿತು, ಮಗು ಅಷ್ಟು ಭಾರವಿತ್ತು, ಆದರೂ ಇಳಿಸೋಕೆ ಮನಸ್ಸು ಬರಲಿಲ್ಲ.